ಆಯಿಯ ಟ್ರಂಕಿನ ತಳದಲ್ಲಿ ಸಿಕ್ಕ ಏಳು ಹಾಳೆ: ತೀರಿಹೋದವರ ಸಂಗ್ರಹ ಪಟ್ಟಿ ಮಾಡುವವರಿಗೆ

ಆಯಿ, ಅಂದರೆ ನನ್ನ ಅಮ್ಮ, ತೀರಿಕೊಂಡದ್ದು 2022ರ ಶ್ರಾವಣದಲ್ಲಿ. ಶಿರಸಿ ಹತ್ತಿರದ ನಮ್ಮ ಮನೆಯ ಮೆತ್ತಿನ (ಅಟ್ಟದ) ಮೇಲೆ ಅವಳ ಎರಡು ಟ್ರಂಕು, ಒಂದು ಮರದ ಪೆಟ್ಟಿಗೆ ಹಾಗೇ ಉಳಿದಿದ್ದವು. ಒಳಗೆ ಏನಿದೆಯೆಂದು ನಮಗೆಲ್ಲ ಗೊತ್ತಿದೆ ಎಂದುಕೊಂಡಿದ್ದೆವು. ಹಳೆಯ ಕ್ಯಾಲೆಂಡರಿನ ದೇವರ ಪಟ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಪ್ರಸಂಗದ ಪುಸ್ತಕ, ಬಂಧುಗಳ ಮದುವೆ ಕಾಗದ, ರಂಗೋಲಿಯ ನೋಟುಬುಕ್ಕುಗಳು. ಐವತ್ತು ಅರವತ್ತು ವರ್ಷ ಒಂದನ್ನೂ ಎಸೆಯದೆ ಕೂಡಿಟ್ಟಿದ್ದಳು. ಪಟ್ಟಿ ಮಾಡುತ್ತ ಎರಡನೇ ಟ್ರಂಕಿನ ತಳಕ್ಕೆ ಬಂದಾಗ ಸೆಣಬಿನ ದಾರ ಕಟ್ಟಿದ ಒಂದು ಸುರುಳಿ ಸಿಕ್ಕಿತು. ಏಳು ಹಾಳೆ, ಎಲ್ಲದರಲ್ಲೂ ಚಿತ್ರ. ಮೂಲೆಯಲ್ಲಿ ದೇವನಾಗರಿಯಲ್ಲಿ ಬರೆದ ಹೆಸರು ನಮ್ಮ ಮನೆಯ ಯಾರದೂ ಅಲ್ಲ. "ಯಾರದ್ದೋ ಬಂದು ಸೇರ್ಕಂಡಿದ್ದು" ಎಂದು ತಮ್ಮ ಅದನ್ನು ರದ್ದಿಯ ರಾಶಿಗೆ ಹಾಕಿಯೂ ಆಗಿತ್ತು.

ಅದು ಆಯಿಯದೇ ಹೆಸರು. 1959ರಲ್ಲಿ ಮದುವೆಯ ದಿನ ಅತ್ತೆಮನೆಯವರು ಬೇರೆ ಹೆಸರಿಟ್ಟ ಮೇಲೆ ಯಾರೂ ಕರೆಯದೆ ಹೋದ ಹೆಸರು. ತವರಿನಲ್ಲಿ ಕರೆಯುತ್ತಿದ್ದದ್ದು ಮುದ್ದಿನ ಹೆಸರಿನಿಂದ, ಹಾಗಾಗಿ ಶಾಲೆಯ ಹೆಸರು ಶಾಲೆಯ ಕಾಗದದಲ್ಲಷ್ಟೇ ಉಳಿದಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗಿರಬಹುದು. ಅದಕ್ಕೇ ಈ ಕೆಲಸ ಹೇಗೆ ಮಾಡಬೇಕು ಎಂಬುದನ್ನು, ನಾನು ತಪ್ಪಿದ ಕಡೆಗಳನ್ನೂ ಸೇರಿಸಿ, ಬರೆದಿಡುತ್ತಿದ್ದೇನೆ.

ಮೊದಲು: ಕಾಲ ನೋಡಿ ಪೆಟ್ಟಿಗೆ ತೆರೆಯಿರಿ

ಮಳೆಗಾಲದಲ್ಲಿ ಹಳೆಯ ಕಾಗದ ಬಿಚ್ಚಬೇಡಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಘಟ್ಟದ ಮೇಲೂ ಆಷಾಢ ಶ್ರಾವಣದಲ್ಲಿ ಕಪಾಟಿನೊಳಗಿನ ಬಟ್ಟೆಯೇ ಹಸಿ ಹಸಿ. ಆಗ ಕಾಗದ ನೀರು ಹೀರಿ ಮೆತ್ತಗಾಗಿರುತ್ತದೆ, ಒಂದಕ್ಕೊಂದು ಅಂಟಿದ ಹಾಳೆ ಎಳೆದರೆ ಬಣ್ಣದ ಪದರವೇ ಕಿತ್ತು ಬರುತ್ತದೆ. ದೀಪಾವಳಿ ಕಳೆದು ಇಬ್ಬನಿ ಒಣಗಿದ ಮೇಲೆ, ಮಾರ್ಗಶಿರದಿಂದ ಮಾಘದವರೆಗಿನ ದಿನ ಒಳ್ಳೆಯದು. ಪೆಟ್ಟಿಗೆಗೆ ಸೋರಿದ ನೀರು ಬಿದ್ದಿದ್ದರೆ ಅಥವಾ ಒರಲೆ (ಗೆದ್ದಲು) ಹತ್ತಿದ್ದರೆ ಮಾತ್ರ ಕಾಯುವಂತಿಲ್ಲ, ಅವತ್ತೇ ತೆರೆಯಬೇಕು.

ಒಂದು ದೊಡ್ಡ ಮೇಜು, ಅದರ ಮೇಲೆ ಒಗೆದ ಬಿಳಿ ಪಂಚೆ. ಬರೆಯಲು ಪೆನ್ಸಿಲ್ಲು ಮಾತ್ರ. ಪೆನ್ನು ಮೇಜಿನ ಹತ್ತಿರವೂ ಬರಬಾರದು. ಕವಳದ ತಟ್ಟೆ, ಚಹಾ ಲೋಟ ಜಗುಲಿಯಲ್ಲೇ ಇರಲಿ. ಮೂಗಿಗೆ ಎನ್95 ಮಾಸ್ಕ್ ಕಟ್ಟಿಕೊಳ್ಳಿ, ಬೂಷ್ಟಿನ ಪುಡಿ ಎದೆಗೆ ಒಳ್ಳೆಯದಲ್ಲ. ಇನ್ನೊಂದು ಮಾತು: ಹಳೆಯ ಟ್ರಂಕಿನ ಮಡಿಕೆಗಳಲ್ಲಿ ಬೂದುಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಹಿಂದೆ ಹುಳಕ್ಕೆಂದು ಗಮಾಕ್ಸಿನ್, ಡಿಡಿಟಿ ಉದುರಿಸುವುದು ಮನೆಮನೆಯ ರೂಢಿಯಾಗಿತ್ತು, ಅವು ವರ್ಷಗಟ್ಟಲೆ ಉಳಿಯುವ ವಿಷ. ಕೈಗವಸು ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು ಕೆಲಸ ಮಾಡಿ.

ಮುಟ್ಟುವ ಮುನ್ನ ಬರೆದುಕೊಳ್ಳಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಯಾವ ವಸ್ತು ಯಾವುದರ ಪಕ್ಕ ಇತ್ತು, ಯಾವುದರಲ್ಲಿ ಸುತ್ತಿತ್ತು, ಮೇಲಿತ್ತೋ ಕೆಳಗಿತ್ತೋ ಎಂಬುದು ಒಮ್ಮೆ ಕಲಸಿ ಹೋದರೆ ಮತ್ತೆ ಸಿಗುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಮೇಲಿಂದ ಒಂದು ಫೋಟೋ. ಒಂದೊಂದು ಪದರ ತೆಗೆದಾಗಲೂ ಇನ್ನೊಂದು. ಕಟ್ಟು ಬಿಚ್ಚುವ ಮೊದಲು ಕಟ್ಟಿನದೇ ಒಂದು.

ಸಂಖ್ಯೆ ಕೊಡುವಾಗ ಜಾಣತನ ಬೇಡ. ನಾನು ಇಟ್ಟುಕೊಂಡದ್ದು ಇಷ್ಟೇ: ಟ್ರಂಕು 2, ಕಟ್ಟು 5, ಹಾಳೆ 3 ಎಂದರೆ "2-5-3". ದೇವರ ಪಟ, ಹ್ಯಾಂಡ್‌ಬಿಲ್ಲು ಎಂದು ಬಗೆ ಬಗೆಯಾಗಿ ವಿಂಗಡಿಸುವ ಆಸೆ ಮೊದಲ ದಿನವೇ ಬರುತ್ತದೆ, ತಡೆದುಕೊಳ್ಳಿ. ವಿಂಗಡಣೆ ಪಟ್ಟಿಯಲ್ಲಿ ಒಂದು ಕಾಲಮ್ಮಾಗಿ ಇರಲಿ, ವಸ್ತು ಮಾತ್ರ ಸಿಕ್ಕ ಕ್ರಮದಲ್ಲೇ ಇರಲಿ. ಅಳತೆ ಸೆಂಟಿಮೀಟರಿನಲ್ಲಿ, ಎತ್ತರ ಮೊದಲು, ಅಗಲ ಆಮೇಲೆ. ಬಣ್ಣವೋ ಪೆನ್ಸಿಲ್ಲೋ ಶಾಯಿಯೋ, ಮುಂದೆ ಹಿಂದೆ ಬರೆದಿದ್ದೇನು, ಸ್ಥಿತಿ ಹೇಗಿದೆ. ಬರಹವನ್ನು ಇದ್ದ ಲಿಪಿಯಲ್ಲಿ, ಇದ್ದ ಕಾಗುಣಿತದಲ್ಲಿ ನಕಲು ಮಾಡಿ, ತಿದ್ದಬೇಡಿ.

ನಮ್ಮ ಸುರುಳಿ ಇದ್ದದ್ದು ಅವಳ ಶಾಲೆಯ ದಾಖಲೆಯ ಲಕೋಟೆಯ ಕೆಳಗೆ. ಆ ಫೋಟೋ ತೆಗೆದಿರದಿದ್ದರೆ ಸುರುಳಿ ರದ್ದಿಗೇ ಹೋಗುತ್ತಿತ್ತು. ಮೂರು ದಿನದ ಮೇಲೆ ಫೋನಿನಲ್ಲಿ ಫೋಟೋ ಹಿಂದೆ ಮುಂದೆ ಮಾಡುವಾಗ ಎರಡೂ ಒಟ್ಟಿಗೆ ಇದ್ದದ್ದು ಕಣ್ಣಿಗೆ ಬಿತ್ತು. ಲಕೋಟೆ ತೆರೆದೆ. ಸರ್ಟಿಫಿಕೇಟಿನ ಹೆಸರೂ ಚಿತ್ರದ ಮೂಲೆಯ ಹೆಸರೂ ಒಂದೇ.

ಸುರುಳಿಯನ್ನು ಬಿಡಿಸುವುದು

ದಶಕಗಟ್ಟಲೆ ಸುತ್ತಿಟ್ಟ ಕಾಗದ ಬಿಗಿದುಕೊಂಡಿರುತ್ತದೆ. ಒಂದೇ ಸಲ ಎಳೆದರೆ ಅಡ್ಡಡ್ಡ ಬಿರುಕು ಬಿಡುತ್ತದೆ. ಮೆತ್ತಿನಿಂದ ಇಳಿಸಿ ಒಂದು ರಾತ್ರಿ ಕೋಣೆಯಲ್ಲೇ ಬಿಡಿ. ಮರುದಿನ ಎರಡು ಬೆರಳಿನಷ್ಟು ಬಿಡಿಸಿ, ಬಟ್ಟೆಯ ಪುಟ್ಟ ಚೀಲದಲ್ಲಿ ತೊಳೆದು ಒಣಗಿಸಿದ ಹೊಯಿಗೆ (ಮರಳು) ತುಂಬಿ ಅಂಚಿಗೆ ಇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆರಡು ಬೆರಳು. ನಮ್ಮ ಏಳು ಹಾಳೆಗೆ ಎರಡೂವರೆ ದಿನ ಹಿಡಿಯಿತು. ಇಸ್ತ್ರಿ ಪೆಟ್ಟಿಗೆ, ಹಬೆ, ಒದ್ದೆ ಬಟ್ಟೆ ಯಾವುದೂ ಬೇಡ. ಜಲವರ್ಣ ಎಷ್ಟು ವರ್ಷವಾದರೂ ನೀರಿಗೆ ಕರಗುತ್ತದೆ.

ಕೊನೆಗೆ ಬಿಚ್ಚಿಕೊಂಡದ್ದು ಒಳಗಿನ ಹಾಳೆ. ಕಾಳಿ ನದಿಯ ಅಳಿವೆ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ನಡುವೆ ಜನರನ್ನು ದಾಟಿಸುವ ತಾರಿ ದೋಣಿ. ಆಕಾಶಕ್ಕೆ ಬಳಿದ ನೀಲಿ ಒಣಗುವ ಮೊದಲೇ ಇನ್ನೊಂದು ಕುಂಚ ನೀರು ತಾಗಿ ಬಲಮೂಲೆಯಲ್ಲಿ ಹೂಕೋಸಿನ ಹಾಗೆ ಅರಳಿದೆ. ದೋಣಿಯ ನೆರಳಿಗೆ ಕೆಮ್ಮಣ್ಣು ಬಣ್ಣ, ಅದರ ಪಕ್ಕ ಅದೇ ಬಣ್ಣದ ಅರ್ಧ ಹೆಬ್ಬೆಟ್ಟು. ಕಲಿಯುವವರ ಕೈ. ನನ್ನ ಹೆಬ್ಬೆಟ್ಟನ್ನು ಅದರ ಮೇಲೆ, ತಾಗಿಸದೆ, ಹಿಡಿದು ನೋಡಿದೆ. ಅದು ಪುಟ್ಟದು, ಹದಿನೈದು ಹದಿನಾರರ ಹುಡುಗಿಯದು.

ಇದು ನಿಜವಾಗಿ ಅವರದೇ?

ಹೆಸರಿನಿಂದ ಶುರು ಮಾಡಿ. ಅಮ್ಮಂದಿರ ವಿಷಯದಲ್ಲಿ ಮದುವೆಗೆ ಮುಂಚಿನ ಹೆಸರು, ತವರಿನ ಅಡ್ಡಹೆಸರು, ತಂದೆಯ ಹೆಸರಿನ ಮೊದಲಕ್ಷರ, ಮುದ್ದಿನ ಹೆಸರು ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳಿ. ಅಪ್ಪಂದಿರಾದರೆ ದತ್ತು ಹೋದದ್ದು, ಊರಿನ ಹೆಸರನ್ನು ಅಡ್ಡಹೆಸರು ಮಾಡಿಕೊಂಡದ್ದು ಇರುತ್ತದೆ. ಲಿಪಿಯನ್ನೂ ಮರೆಯಬೇಡಿ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಕಾರವಾರದ ಕಡೆ ಮರಾಠಿಯಲ್ಲಿ ಓದಿದವರು ದೇವನಾಗರಿಯಲ್ಲಿ ಸಹಿ ಹಾಕುತ್ತಿದ್ದರು. ಮನೆಯಲ್ಲಿ ಕನ್ನಡ ಬರೆಯುತ್ತಿದ್ದ ಅಮ್ಮ ಚಿತ್ರಕ್ಕೆ ಬೇರೆ ಲಿಪಿಯಲ್ಲಿ ಹೆಸರು ಹಾಕಿರುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಪರೀಕ್ಷೆಯ ಕುರುಹು. ಆಗಿನ ಮುಂಬಯಿ ಸರ್ಕಾರ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎಂಬ ಡ್ರಾಯಿಂಗ್ ಪರೀಕ್ಷೆ ನಡೆಸುತ್ತಿತ್ತು, ನಮ್ಮ ಕಡೆಯ ಹೈಸ್ಕೂಲು ಮಕ್ಕಳೂ ಕಟ್ಟುತ್ತಿದ್ದರು. ಕರ್ನಾಟಕದಲ್ಲಿ ಲೋವರ್, ಹೈಯರ್ ಎಂದು ಕರೆಯುವುದು ಇದೇ ಬಗೆಯ ಪರೀಕ್ಷೆಯನ್ನು. ಅಲ್ಲಿನ ವಿಷಯಗಳು ಗೊತ್ತಿದ್ದರೆ ಕಟ್ಟಿನಲ್ಲಿ ಏನಿದೆಯೆಂದು ನೋಡಿದ ಕೂಡಲೇ ತಿಳಿಯುತ್ತದೆ. ಎದುರಿಗಿಟ್ಟ ವಸ್ತು ನೋಡಿ ಬರೆಯುವುದು, ನೆನಪಿನಿಂದ ಬರೆಯುವುದು, ಚೌಕ ಅಥವಾ ವೃತ್ತದೊಳಗೆ ಡಿಸೈನು, ರೇಖಾಗಣಿತ, ಅಕ್ಷರ ಬರವಣಿಗೆ. ತಂಬಿಗೆ, ಅದರ ಪಕ್ಕ ಎರಡು ಬದನೆಕಾಯಿ, ಹಿಂದೆ ಮಡಿಕೆಬಿದ್ದ ಬಟ್ಟೆ ಇದ್ದರೆ ಬಹುಮಟ್ಟಿಗೆ ಅದು ಪರೀಕ್ಷೆಯದೋ ಅದರ ಅಭ್ಯಾಸದ್ದೋ ಹಾಳೆ. ಹಾಳೆ ಸುಮಾರು 11 ಇಂಚು 15 ಇಂಚು ಇದ್ದರೆ ಅನುಮಾನ ಇನ್ನೂ ಗಟ್ಟಿ. ಅದು 22ಕ್ಕೆ 30 ಇಂಚಿನ ಇಂಪೀರಿಯಲ್ ಹಾಳೆಯ ಕಾಲುಭಾಗ. ಆಯಿಯ ಏಳರಲ್ಲಿ ನಾಲ್ಕು ಇಂಥವು, ಒಂದರ ಬೆನ್ನಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಮಾಸ್ತರರ ಗುರುತೂ ಇತ್ತು.

ಬಳಿಕ ಹಿರಿಯರು. ಇದನ್ನು ಮುಂದೂಡಬೇಡಿ. ಹಾಳೆ ಇನ್ನೂ ಐವತ್ತು ವರ್ಷ ಬಾಳಬಹುದು, ಅದನ್ನು ನೋಡಿ ಮಾತಾಡುವವರು ಬರುವ ಮಳೆಗಾಲಕ್ಕೆ ಇರುತ್ತಾರೆಂಬ ಭರವಸೆ ಇಲ್ಲ. ನಾನು ಅಂಗೈ ಅಗಲದ ಪ್ರಿಂಟು ಹಾಕಿಸಿಕೊಂಡು ಕಾರವಾರದಲ್ಲಿದ್ದ ಮಾವಶಿಯ (ಆಯಿಯ ತಂಗಿಯ) ಮನೆಗೆ ಹೋದೆ. ಅವರಿಗೆ ಆಗ ಎಂಬತ್ತೊಂದು. "ಇದು ಯಾರು ಬರೆದದ್ದು ಗೊತ್ತಾ?" ಎಂದು ಕೇಳಲಿಲ್ಲ, ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗಾಗುತ್ತದೆ. ಸುಮ್ಮನೆ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಮೂರನೆಯದರ ಮೇಲೆ ಬೆರಳಿಟ್ಟು ಹೇಳಿದರು: "ಇದು ಬಿಣಗಾ ಸಮುದ್ರ ಅಲ್ದನೋ ತಮಾ. ಅಕ್ಕ ಬಂಡೆ ಮೇಲೆ ಕೂತು ಬರೀತಾ ಇದ್ದಳು, ನಾನು ನೀರಿನ ಡಬ್ಬಿ ಹಿಡ್ಕಂಡು ನಿಲ್ಲಬೇಕಿತ್ತು. ಚೆಲ್ಲಿದ್ರೆ ಬೈಗುಳ." ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೊದಲೇ ಕೇಳಿ ಒಪ್ಪಿಗೆ ಪಡೆದು. ಕಡತಕ್ಕೆ ಆ ದಿನದ ತಾರೀಕು ಹಾಕಿ.

ಇಷ್ಟಾದರೂ ಎಲ್ಲವನ್ನೂ "ನಮ್ಮವರದೇ" ಎನ್ನುವ ಆತುರ ಬೇಡ. ಪಟ್ಟಿಯಲ್ಲಿ ಖಚಿತ, ಬಹುಶಃ, ತಿಳಿಯದು ಎಂಬ ಮೂರು ಮಾತು ಇಟ್ಟುಕೊಂಡು ಪ್ರತಿಯೊಂದರ ಮುಂದೆ ಕಾರಣವನ್ನೂ ಬರೆಯಿರಿ. ಗೆಳತಿಯರು ಚಿತ್ರ ಅದಲುಬದಲು ಮಾಡಿಕೊಳ್ಳುತ್ತಾರೆ. ಡ್ರಾಯಿಂಗ್ ಮಾಸ್ತರರ ಮನೆಯಲ್ಲಿ ಶಿಷ್ಯರ ಹಾಳೆ ತುಂಬಿರುತ್ತದೆ. ಕ್ಯಾಲೆಂಡರ್ ನೋಡಿ ನಕಲು ಮಾಡಿದ್ದೂ ಬಹಳ ಇರುತ್ತದೆ, ಅದು ಕೀಳಲ್ಲ, ಆದರೆ "ನಕಲು" ಎಂದೇ ಬರೆಯಬೇಕು. ನಮ್ಮ ಏಳರಲ್ಲಿ ಐದು ಖಚಿತ. ವಾಲಿಯ ಕಿರೀಟದ ಪೆನ್ಸಿಲ್ ಚಿತ್ರ "ಬಹುಶಃ". ಇನ್ನೊಂದು ಡಿಸೈನಿನ ಹಾಳೆಯ ಮೇಲೆ ಬೇರೆಯೇ ಕೈಯ ಅಕ್ಷರವಿದೆ, ಅದು "ತಿಳಿಯದು" ಎಂದೇ ಉಳಿದಿದೆ.

ಯಾವ ಕಾಲದ್ದು?

ತಾರೀಕು ಬರೆದಿದ್ದರೆ ಪುಣ್ಯ. ಇಲ್ಲದಿದ್ದರೆ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು: ಇದಕ್ಕಿಂತ ಮುಂಚೆ ಆಗಿರಲಾರದು ಎನ್ನುವುದಕ್ಕೆ ಏನಿದೆ, ಇದರ ಆಮೇಲೆ ಆಗಿರಲಾರದು ಎನ್ನುವುದಕ್ಕೆ ಏನಿದೆ.

ಮೊದಲನೆಯದಕ್ಕೆ ಕಾಗದ ಉತ್ತರ ಕೊಡುತ್ತದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ನೀರಚ್ಚು (ವಾಟರ್‌ಮಾರ್ಕ್) ಕಾಣಬಹುದು. ವಾಟ್‌ಮನ್‌ನಂಥ ಹಾಳೆಗಳಲ್ಲಿ ಹೆಸರಿನ ಜೊತೆ ಇಸವಿಯೂ ಇರುವುದುಂಟು. ನೋಟುಬುಕ್ಕಿನ ಬೆನ್ನಿನ ಬೆಲೆ ನೋಡಿ. ಆಣೆ ಎಂದಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನ ಸರಕು, "ನಯೇ ಪೈಸೆ" ಎಂದಿದ್ದರೆ ಅಲ್ಲಿಂದ 1964ರವರೆಗಿನದು. ಲಕೋಟೆಯ ಮೇಲೆ ಮೈಸೂರು ರಾಜ್ಯ ಎಂದಿದೆಯೋ ಕರ್ನಾಟಕ ಎಂದಿದೆಯೋ ನೋಡಿ, ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಇಲ್ಲಿ ನಾನು ಎಡವಿದೆ. ಸುರುಳಿಗೆ ಸುತ್ತಿದ್ದ ಹಳೆಯ ದಿನಪತ್ರಿಕೆಯ ತಾರೀಕನ್ನೇ ಚಿತ್ರದ ತಾರೀಕು ಎಂದು ಬರೆದುಬಿಟ್ಟಿದ್ದೆ. ಪತ್ರಿಕೆ ಹೇಳುವುದು ಕಟ್ಟಿದ ಕಾಲವನ್ನು. ಚಿತ್ರ ಅದಕ್ಕಿಂತ ಎಷ್ಟೋ ಹಿಂದಿನದಿರಬಹುದು.

ಎರಡನೆಯದಕ್ಕೆ ನಮ್ಮ ಕರಾವಳಿಯ ನೆಲವೇ ಸಾಕ್ಷಿ. ಇದರಷ್ಟು ಸಂತೋಷ ಕೊಟ್ಟ ಕೆಲಸ ಇನ್ನೊಂದಿಲ್ಲ. ಆಯಿಯ ಚಿತ್ರದಲ್ಲಿ ಕಾಳಿಗೆ ಸೇತುವೆಯಿಲ್ಲ, ತಾರಿಯಿದೆ. ಕೋಡಿಬಾಗ ಮತ್ತು ಸದಾಶಿವಗಡ ಸೇರಿಸಿದ ಹೆದ್ದಾರಿ ಸೇತುವೆ ಬಂದದ್ದು 1983ರ ಹೊತ್ತಿಗೆ. ಅದೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಬಿಣಗಾ, ಅರ್ಗಾ ಕಡೆಯ ಕಡಲತಡಿಯ ಚಿತ್ರವಾದರೆ ಸೀಬರ್ಡ್ ನೌಕಾನೆಲೆ ಬರುವ ಮುಂಚಿನದೇ ಎಂದು ನೋಡಿ, ನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ, ಊರಿನವರು ಜಾಗ ಬಿಟ್ಟು ಎದ್ದದ್ದು ಅದಕ್ಕೂ ಮುಂಚೆ. ಸೂಪಾ ಪೇಟೆಯ ಚಿತ್ರ ಸಿಕ್ಕರೆ ಅದು ಅಣೆಕಟ್ಟೆಯ ನೀರಿನಡಿ ಹೋದ ಊರು. ಹೊಳೆಗೆ ರೈಲು ಸೇತುವೆ ಕಂಡರೆ ಕೊಂಕಣ ರೈಲಿನ ಕಾಲ, ಅಂದರೆ ತೊಂಬತ್ತರ ದಶಕದ ಈಚೆ. ಹೀಗೆ ನೋಡುವಾಗ ಇನ್ನೊಂದೂ ಹೊಳೆಯುತ್ತದೆ: ಶಾಲೆಯ ಹುಡುಗಿಯ ಸಾಧಾರಣ ಚಿತ್ರವೇ ಈಗ ಆ ಜಾಗದ ದಾಖಲೆ. ಚೆನ್ನಾಗಿಲ್ಲವೆಂದು ಯಾವ ಹಾಳೆಯನ್ನೂ ಎಸೆಯಬೇಡಿ.

ಗೋಡೆಯ ಕಾವಿ ಚಿತ್ತಾರದ ನಕಲು ಸಿಕ್ಕರೆ, ಸುಣ್ಣದ ಬಿಳಿಯ ಮೇಲೆ ಕೆಮ್ಮಣ್ಣಿನ ಕೆಂಪು ಬಳಿದು ಕೊರೆದು ಮಾಡುವ ಆ ಕಲೆಯದು, ದೇವಸ್ಥಾನದ ಹೆಸರನ್ನು ಹೇಗಾದರೂ ಪತ್ತೆ ಮಾಡಿ. ಜೀರ್ಣೋದ್ಧಾರದಲ್ಲಿ ಎಷ್ಟೋ ಗೋಡೆ ಟೈಲ್ಸಿನಡಿ ಹೋಗಿವೆ.

ಒರೆಸುವುದು, ಒಣಗಿಸುವುದು, ಫ್ರೇಮು

ಒಣ ಮೆದು ಕುಂಚದಿಂದ ಧೂಳು ತೆಗೆಯಿರಿ, ನಡುವಿನಿಂದ ಅಂಚಿನ ಕಡೆಗೆ. ಅಷ್ಟೇ. ಬೂಷ್ಟು ಹಿಡಿದ ಹಾಳೆಯನ್ನು ಬೇರೆಯವುಗಳಿಂದ ದೂರ ಇಟ್ಟು ನೆರಳಿನಲ್ಲಿ ಗಾಳಿಯಾಡಲು ಬಿಡಿ, ಫ್ಯಾನು ನೇರ ಅದರ ಮೇಲೆ ಬೇಡ. ಬಿಸಿಲಿಗೆ ಅಡಿಕೆ ಹರವಿದ ಹಾಗೆ ಹರವಿದರೆ ಬಣ್ಣ ಒಂದೇ ದಿನದಲ್ಲಿ ಸೋಲಲು ಶುರುವಾಗುತ್ತದೆ. ಹರಿದ ಕಡೆ ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಮಾಡಲೇಬೇಡಿ, ಅದನ್ನು ಬಿಡಿಸಲು ಬರುವುದಿಲ್ಲ.

ನನಗೆ ಇಂದಿಗೂ ಸಂಕಟವಾಗುವ ಸಂಗತಿಯೊಂದಿದೆ. ತಂಬಿಗೆಯ ಚಿತ್ರವನ್ನು ವರ್ಷಾಂತಿಕಕ್ಕೆ ಜಗುಲಿಯಲ್ಲಿ ತೂಗುಹಾಕಬೇಕೆಂದು ಅವಸರದಲ್ಲಿ ಒಂದು ಫ್ರೇಮಿನ ಅಂಗಡಿಗೆ ಕೊಟ್ಟೆ. ಅವರು ಅಂಚನ್ನು ಅರ್ಧ ಇಂಚು ಕತ್ತರಿಸಿ, ಬೆನ್ನಿಗೆ ಪೂರಾ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಒತ್ತಿ ಕೊಟ್ಟರು. ಬೆನ್ನ ಮೇಲಿದ್ದ ಪರೀಕ್ಷೆಯ ನಂಬರು ಅಲ್ಲಿಗೆ ಮುಗಿಯಿತು. ಹಿಂಬದಿಯ ಫೋಟೋ ಇತ್ತು, ಅಷ್ಟೇ ಸಮಾಧಾನ. ನೀವು ಕೊಡುವಾಗ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ಕೊಡಿ: ಕತ್ತರಿಸಬಾರದು, ಬೆನ್ನಿಗೆ ಅಂಟು ಹಚ್ಚಬಾರದು, ಚಿತ್ರಕ್ಕೂ ಗಾಜಿಗೂ ನಡುವೆ ಆಮ್ಲರಹಿತ ಮೌಂಟಿನ ಚೌಕಟ್ಟು ಇರಬೇಕು. ಮೈದಾ ಅಂಟಿಗೆ ಹುಳ ಬಾರದಿರಲೆಂದು ತೋಟಕ್ಕೆ ಹೊಡೆಯುವ ಮೈಲುತುತ್ತವನ್ನೇ ಬೆರೆಸುವ ರೂಢಿ ಇದೆ, ಅದರಲ್ಲಿರುವ ತಾಮ್ರ ಕಾಗದವನ್ನು ಒಳಗಿಂದೊಳಗೆ ಬಡವಾಗಿಸುತ್ತದೆ, ಅದೂ ಬೇಡ. ಇದಕ್ಕಿಂತ ಮೇಲು ಎಂದರೆ ಒಳ್ಳೆಯ ಪ್ರಿಂಟು ತೆಗೆಸಿ ಅದನ್ನೇ ಗೋಡೆಗೆ ಹಾಕುವುದು.

ಹುಳ ತಿಂದು ಜಾಳಾದ, ಬಣ್ಣ ಉದುರುತ್ತಿರುವ ಚಿತ್ರವನ್ನು ಮನೆಯಲ್ಲಿ ಸರಿಮಾಡಲು ಹೋಗದೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರದಂಥ ಕಡೆ ತೋರಿಸಿ.

ಫೋಟೋ ಮತ್ತು ಇಡುವ ಜಾಗ

ಬೆಳಗಿನ ಹೊತ್ತು, ಬಿಸಿಲು ನೇರ ಬೀಳದ ಜಗುಲಿ, ಫ್ಲ್ಯಾಶ್ ಬೇಡ. ಫೋನು ಹಾಳೆಗೆ ಸಮಾನಾಂತರವಾಗಿರಲಿ, ಪಕ್ಕದಲ್ಲಿ ಸ್ಕೇಲು ಮತ್ತು ಒಂದು ತುಂಡು ಬಿಳಿ ಕಾಗದ ಇಡಿ, ಬಣ್ಣ ಸರಿಹೊಂದಿಸಲು ಬೇಕಾಗುತ್ತದೆ. ಮುಂದೆ, ಹಿಂದೆ, ಸಹಿ, ಹಾಳಾದ ಜಾಗ ನಾಲ್ಕೂ ಬೇಕು. ರಾತ್ರಿ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿದು ನೋಡಿ. ಅಳಿಸಿದ ಪೆನ್ಸಿಲ್ ಗೀರು, ಒತ್ತಿ ಬರೆದ ಅಕ್ಷರ ಎದ್ದು ಕಾಣುತ್ತವೆ. ಕಡತದ ಹೆಸರು ಪಟ್ಟಿಯ ಸಂಖ್ಯೆಯೇ ಇರಲಿ. ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ.

ಇಡುವುದಕ್ಕೆ ಆಮ್ಲರಹಿತ ಕಾಗದದ ಮಡಿಕೆ, ಅದರ ಹೊರಗೆ ರಟ್ಟಿನ ಪೆಟ್ಟಿಗೆ, ಹಾಳೆ ಮಲಗಿಯೇ ಇರಬೇಕು. ದಿನಪತ್ರಿಕೆ ಸುತ್ತಬೇಡಿ, ಅಂಗಡಿಯ ಮೆತ್ತನೆಯ, ವಾಸನೆ ಬರುವ ಪ್ಲಾಸ್ಟಿಕ್ ಕವರೂ ಬೇಡ. ಇರಚಲು ಬಡಿಯುವ ಪಡುವಣ ಗೋಡೆಯಿಂದ, ಬಚ್ಚಲ ಗೋಡೆಯಿಂದ ದೂರ, ನೆಲದಿಂದ ಒಂದು ಗೇಣು ಮೇಲೆ. ಕಬ್ಬಿಣದ ಟ್ರಂಕು ಮಳೆಗಾಲದಲ್ಲಿ ಒಳಗೇ ಬೆವರುತ್ತದೆ. ಬಜೆ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡುವ ಅಜ್ಜಿಯರ ಪದ್ಧತಿಯನ್ನು ನಾನು ಬಿಟ್ಟಿಲ್ಲ, ಆದರೆ ತಿಂಗಳಿಗೊಮ್ಮೆ ತೆರೆದು ನೋಡುವುದಕ್ಕೆ ಅದು ಬದಲಿಯಲ್ಲ.

ಹಂಚಿಕೆ ಮತ್ತು ಕಾನೂನು

ಅಣ್ಣತಮ್ಮ ಅಕ್ಕತಂಗಿಯರು ಒಂದೊಂದು ಎತ್ತಿಕೊಂಡು ಹೋಗುವ ಮುನ್ನ ಪಟ್ಟಿ ಮುಗಿದಿರಲಿ, ಯಾವ ಸಂಖ್ಯೆ ಯಾರ ಮನೆಯಲ್ಲಿದೆ ಎಂದು ಬರೆದು ಎಲ್ಲರಿಗೂ ಪ್ರತಿ ಕೊಡಿ. ಚಿತ್ರದ ಹಕ್ಕುಸ್ವಾಮ್ಯ 1957ರ ಕಾಯಿದೆಯಂತೆ ಬರೆದವರು ತೀರಿದ ಮರುವರ್ಷದಿಂದ 60 ವರ್ಷ ವಾರಸುದಾರರಿಗೆ ಸೇರುತ್ತದೆ. ಆಯಿಯದು 2082ರ ಕೊನೆಯವರೆಗೆ. ಚಿತ್ರ ಮಾರಿದರೂ ದಾನ ಕೊಟ್ಟರೂ ಈ ಹಕ್ಕು ಬರೆದುಕೊಡದೆ ಹೋಗುವುದಿಲ್ಲ, ಹಾಗಾಗಿ ಸಂಸ್ಥೆಗೆ ಕೊಡುವಾಗ ಮುದ್ರಿಸಲು ಅನುಮತಿ ಇದೆಯೋ ಇಲ್ಲವೋ ಎಂದು ಪತ್ರದಲ್ಲೇ ಬರೆಯಿರಿ. ಅದೇ ಪೆಟ್ಟಿಗೆಯಲ್ಲಿ ನೂರು ವರ್ಷ ದಾಟಿದ ವಿಗ್ರಹವೋ ಚಿತ್ರವೋ, 75 ವರ್ಷ ದಾಟಿದ ಮೌಲ್ಯವುಳ್ಳ ಓಲೆಗರಿ, ಹಸ್ತಪ್ರತಿಯೋ ಇದ್ದರೆ 1972ರ ಪುರಾವಸ್ತು ಕಾಯಿದೆಗೆ ಒಳಪಡುತ್ತದೆ. ವಿದೇಶದಲ್ಲಿರುವ ಮಗನಿಗೆಂದು ಪಾರ್ಸೆಲ್ ಮಾಡುವಂತಿಲ್ಲ.

ಪಟ್ಟಿ ಮುಗಿದ ಮೇಲೆ ಕಾಳಿ ನದಿಯ ಚಿತ್ರದ ಪ್ರಿಂಟು ಒಂದನ್ನು ಮಾವಶಿಗೆ ಕಳಿಸಿದೆ. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ದೋಣಿಯಲ್ಲಿ ಕೆಂಪು ಚುಕ್ಕೆಯ ಹಾಗೆ ಕಾಣುವುದು ಯಾರೆಂದು ನಾನು ಬರೆದುಕೊಂಡಿದ್ದೇನೋ ಎಂದು ಕೇಳಿದರು. ಇಲ್ಲ ಎಂದೆ. "ಅದು ನಾನೇ ತಮಾ. ಬರ್ಕೋ" ಎಂದರು. 2-5-7ರ ಮುಂದೆ ಬರೆದುಕೊಂಡಿದ್ದೇನೆ.